ಕಾರ್ಬುರೇಟರ್ ಕೊಳ್ಳುವ ಮುನ್ನ ವರ್ನಿಯರ್ ಹಿಡಿಯಿರಿ

ಹಳೆಯ ಎಟಿವಿಗಳ, ಅಂದರೆ ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಬೈಕುಗಳ, ರೋಗಲಕ್ಷಣ ಬಹುತೇಕ ಒಂದೇ. ಚೋಕ್ ಎಳೆದರೆ ಎಂಜಿನ್ ಓಡುತ್ತದೆ, ಚೋಕ್ ತಳ್ಳಿದ ಕೂಡಲೇ ನಿಲ್ಲುತ್ತದೆ. ರೇಸ್ ಕೊಟ್ಟು ಬೆರಳು ತೆಗೆದರೆ ಆರ್‌ಪಿಎಂ ಕೆಳಗಿಳಿಯಲು ಒಪ್ಪುವುದಿಲ್ಲ. ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಸಿಡಿಯುತ್ತದೆ. ಮೆಕ್ಯಾನಿಕ್ ಬರುತ್ತಾನೆ, ಕಾರ್ಬುರೇಟರ್ ಬಿಚ್ಚಿ ತೊಳೆಯುತ್ತಾನೆ, ಜೆಟ್ಟುಗಳನ್ನು ಊದುತ್ತಾನೆ, ಮತ್ತೆ ಕೂರಿಸುತ್ತಾನೆ. ಎರಡು ದಿನ ಗಾಡಿ ಸರಿಯಾಗಿ ಓಡಿ ಮೂರನೆಯ ದಿನ ಹಳೆಯ ಹಾಡು ಶುರುವಾದಾಗ ತೀರ್ಪು ಹೊರಬೀಳುತ್ತದೆ: ಕಾರ್ಬ್ ಹೋಗಿದೆ, ಹೊಸದು ಹಾಕಿಬಿಡಿ.

ಹೊಸದು ಬಂದ ಮೇಲೆ ನಿಜವಾದ ತಲೆನೋವು. ಬೋಲ್ಟಿನ ತೂತುಗಳು ಕೂಡುವುದಿಲ್ಲ. ಕೂಡಿದರೆ ರಬ್ಬರ್ ಸಡಿಲ. ರಬ್ಬರ್ ಬಿಗಿಯಾದರೆ ಕೇಬಲ್ ಗಿಡ್ಡ. ಅದನ್ನೂ ಎಳೆದು ಕೂರಿಸಿದರೆ ಫ್ಲೋಟ್ ಬೋಲು ಎಂಜಿನ್ ಕೇಸಿಗೆ ತಾಗುತ್ತದೆ. ಇಷ್ಟೆಲ್ಲ ಮಾಡಿ ಸ್ಟಾರ್ಟ್ ಮಾಡಿದರೆ ಚೋಕ್ ಇಲ್ಲದೆ ಎಂಜಿನ್ ಈಗಲೂ ಓಡುವುದಿಲ್ಲ. ಏಕೆಂದರೆ ದೋಷ ಇದ್ದದ್ದು ಕಾರ್ಬುರೇಟರಿನ ಹೊಟ್ಟೆಯಲ್ಲಲ್ಲ. ಅದು ಎಂಜಿನ್ನಿಗೆ ಕೂಡುವ ಜಾಗದಲ್ಲಿ.

ದೆಹಲಿ ಸುತ್ತಮುತ್ತ ಈ ಗಾಡಿಗಳು ಕಾಣಸಿಗುವುದು ಗುರುಗ್ರಾಮದಾಚೆ ದಮ್‌ದಮಾ ಸರೋವರದ ಕಡೆಯ ಸಾಹಸ ಶಿಬಿರಗಳಲ್ಲಿ, ಛತ್ತರ್‌ಪುರದ ಫಾರ್ಮ್‌ಹೌಸ್‌ಗಳಲ್ಲಿ. ಕರ್ನಾಟಕದಲ್ಲಿ ಮಡಿಕೇರಿ, ಸಕಲೇಶಪುರ, ಚಿಕ್ಕಮಗಳೂರಿನ ಹೋಮ್‌ಸ್ಟೇ ಮತ್ತು ಕಾಫಿ ತೋಟಗಳಲ್ಲಿ. ಜಪಾನಿನಲ್ಲಿ ತಯಾರಾಗಿ ಹಲವು ಕೈ ದಾಟಿ ಬಂದವು ಕೆಲವು. 2011ರಲ್ಲಿ ಪೊಲಾರಿಸ್ ಭಾರತಕ್ಕೆ ಕಾಲಿಟ್ಟ ಮೇಲೆ ಮಾರಾಟವಾದ ಫೀನಿಕ್ಸ್ 200ನಂಥವು ಕೆಲವು. 110, 125 ಸಿಸಿಯ ಚೀನಾ ಗಾಡಿಗಳು ಲೆಕ್ಕವಿಲ್ಲದಷ್ಟು. ಈ ಮೂರೂ ಬಗೆಗೆ ಬಿಡಿಭಾಗದ ಅಂಗಡಿ ಪಕ್ಕದ ಬೀದಿಯಲ್ಲಿಲ್ಲ. ಕೈಗೆ ಸಿಕ್ಕಿದ ಬೈಕಿನ ಕಾರ್ಬುರೇಟರನ್ನು ಹೇಗಾದರೂ ಕೂರಿಸುವ ಚಾಳಿ ಬೆಳೆದದ್ದು ಹಾಗೆ. ಕೂರಿಸುವುದು ತಪ್ಪಲ್ಲ. ಅದಕ್ಕೊಂದು ಕ್ರಮವಿದೆ.

ಓಖ್ಲಾಕ್ಕೆ ಏನು ಒಯ್ಯಬೇಕು

ದೆಹಲಿಯ ದಕ್ಷಿಣ ಅಂಚಿನ ಓಖ್ಲಾ ಕೈಗಾರಿಕಾ ಪ್ರದೇಶ 1950ರ ದಶಕದ ಕೊನೆಯಲ್ಲಿ ಸಣ್ಣ ಕೈಗಾರಿಕೆಗಳಿಗೆಂದೇ ರೂಪುಗೊಂಡದ್ದು. ಇಂದು ಅದರ ಮೂರು ಹಂತಗಳಲ್ಲಿ ಗಾರ್ಮೆಂಟ್ಸ್, ಮುದ್ರಣ, ಕಾಲ್‌ಸೆಂಟರುಗಳ ನಡುವೆ ಲೇತ್, ಮಿಲ್ಲಿಂಗ್, ಡ್ರಿಲ್ಲಿಂಗ್ ಯಂತ್ರಗಳ ಕಾರ್ಯಾಗಾರಗಳೂ ಉಳಿದಿವೆ. 1955ರಲ್ಲಿ ಹುಟ್ಟಿದ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮ, ಅಂದರೆ ಎನ್‌ಎಸ್‌ಐಸಿಯ ಕೇಂದ್ರ ಕಚೇರಿ ಇಲ್ಲಿದೆ. ಯಂತ್ರ ಕೆಲಸ ಕಲಿಸುವ ಅದರ ತಾಂತ್ರಿಕ ಸೇವಾ ಕೇಂದ್ರವೂ ಇಲ್ಲೇ. ಮೆಜೆಂಟಾ ಮಾರ್ಗದ ಮೆಟ್ರೊ ನಿಲ್ದಾಣದ ಹೆಸರೇ ಓಖ್ಲಾ ಎನ್‌ಎಸ್‌ಐಸಿ. ಇಲ್ಲಿಂದ ಮಥುರಾ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಎಸ್ಕಾರ್ಟ್ಸ್ ಕಂಪನಿಯ ಊರಾದ ಫರೀದಾಬಾದ್. ರಾಜ್‌ದೂತ್ ಬೈಕುಗಳು ತಯಾರಾದದ್ದು ಆ ಕಂಪನಿಯಲ್ಲಿ.

ರೆಡಿಮೇಡ್ ಬೈಕ್ ಬಿಡಿಭಾಗ ಬೇಕಾದರೆ ದೆಹಲಿಯವರು ಹೋಗುವುದು ಕರೋಲ್‌ಬಾಗಿಗೆ. ಎಲ್ಲೂ ಸಿಗದ ತುಣುಕನ್ನು ಹೊಸದಾಗಿ ಮಾಡಿಸಬೇಕಾದರೆ ಖರಾದ್ ಅಂಗಡಿ, ಅಂದರೆ ಲೇತ್ ಇರುವ ಕಡೆಗೆ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಮತ್ತು ಪೀಣ್ಯದ ನಡುವೆ ಇಂಥದೇ ಕೆಲಸ ಹಂಚಿಕೆ ಇದೆ. ಹಾಗಾಗಿ ಇಲ್ಲಿ ಓಖ್ಲಾಕ್ಕೆ ಹೇಳಿದ್ದು ಪೀಣ್ಯಕ್ಕೂ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೂ ಅನ್ವಯಿಸುತ್ತದೆ.

ಇಡೀ ಗಾಡಿಯನ್ನು ಒಯ್ಯುವ ಅಗತ್ಯವಿಲ್ಲ. ಎಟಿವಿಗಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ರಸ್ತೆ ನೋಂದಣಿ ಇರುವುದಿಲ್ಲ, ಓಡಿಸಿಕೊಂಡು ಹೋಗುವ ಮಾತೇ ಇಲ್ಲ. ಲೇತ್‌ನವನಿಗೆ ಬೇಕಾದದ್ದು ನಾಲ್ಕು ವಸ್ತು: ಹಳೆಯ ಕಾರ್ಬುರೇಟರ್, ಹೊಸ ಕಾರ್ಬುರೇಟರ್, ಹಳೆಯ ಇನ್‌ಟೇಕ್ ಮ್ಯಾನಿಫೋಲ್ಡ್ ಅಥವಾ ರಬ್ಬರ್ ಬೂಟ್, ಮತ್ತು ಸಿಲಿಂಡರ್ ಹೆಡ್ಡಿನ ಇನ್‌ಟೇಕ್ ಮುಖದ ಅಚ್ಚು. ಅಚ್ಚು ತೆಗೆಯುವುದು ಸುಲಭ. ಹೆಡ್ಡಿನ ಮುಖದ ಮೇಲೆ ದಪ್ಪ ಕಾಗದ ಒತ್ತಿ ಹಿಡಿದು, ಗ್ರೀಸ್ ಹಚ್ಚಿದ ಬೆರಳಿನಿಂದ ಅಂಚುಗಳ ಮೇಲೆ ಉಜ್ಜಿದರೆ ತೂತುಗಳೂ ಪೋರ್ಟಿನ ಆಕಾರವೂ ಮೂಡುತ್ತವೆ. ಮೆಟ್ರೊದಲ್ಲಿ ಹೋಗುವವರು ಕಾರ್ಬುರೇಟರಿನ ಬೋಲನ್ನು ಪೂರ್ತಿ ಬರಿದು ಮಾಡಿ, ತೊಳೆದು, ವಾಸನೆ ಹೋಗುವವರೆಗೆ ಒಣಗಿಸಬೇಕು. ಉರಿಯುವ ವಸ್ತುಗಳಿಗೆ ಅಲ್ಲಿ ಪ್ರವೇಶವಿಲ್ಲ.

ಮೊದಲ ಕೆಲಸ: ಕಳ್ಳಗಾಳಿಯ ಪತ್ತೆ

ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ ಕಾರ್ಬುರೇಟರಿನ ಕೊರಳನ್ನು ದಾಟಿಯೇ ಹೋಗಬೇಕು. ಆ ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ತಗ್ಗಿದ ಒತ್ತಡವೇ ಜೆಟ್ಟಿನಿಂದ ಪೆಟ್ರೋಲ್ ಎಳೆಯುತ್ತದೆ. ಕಾರ್ಬುರೇಟರಿನ ಮುಂದೆ, ಎಂಜಿನ್ ಕಡೆಗೆ, ಒಂದು ಸೀಳಿನಿಂದ ಗಾಳಿ ನುಗ್ಗಿದರೆ ಆ ಗಾಳಿಯ ಪಾಲಿನ ಪೆಟ್ರೋಲ್ ಬರುವುದಿಲ್ಲ. ಮಿಶ್ರಣ ತೆಳುವಾಗುತ್ತದೆ. ಥ್ರಾಟಲ್ ಮುಚ್ಚಿದಾಗ ಒಳಗಿನ ನಿರ್ವಾತ ಅತಿ ಹೆಚ್ಚಿರುವುದರಿಂದ ಕಳ್ಳಗಾಳಿಯ ಕಾಟ ಐಡಲಿಂಗಿನಲ್ಲೇ ಎದ್ದು ಕಾಣುತ್ತದೆ. ಚೋಕ್ ಎಳೆದಾಗ ಹೆಚ್ಚುವರಿ ಪೆಟ್ರೋಲ್ ಸಿಕ್ಕಿ ಸಮಸ್ಯೆ ಮುಚ್ಚಿಹೋಗುತ್ತದೆ. ಅದಕ್ಕೇ ಚೋಕಿನ ಮೇಲೆ ಮಾತ್ರ ಓಡುವ ಗಾಡಿಯನ್ನು ಕಂಡರೆ ಮೊದಲ ಅನುಮಾನ ಬೀಳಬೇಕಾದದ್ದು ಎರಡು ಕಡೆ: ಐಡಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿದೆಯೇ, ಇಲ್ಲವೇ ಮ್ಯಾನಿಫೋಲ್ಡ್ ಗಾಳಿ ಹಿಡಿಯುತ್ತಿದೆಯೇ.

ರಬ್ಬರ್ ಬೂಟಿನ ಸೀಳು ಹೊರಗಿನಿಂದ ಕಾಣದೆ ಇರಬಹುದು. ಬಿಚ್ಚಿ, ಬೆರಳಿನಿಂದ ಬಾಗಿಸಿ, ಒಳಮೈ ನೋಡಬೇಕು. ಲೋಹದ ಫ್ಲ್ಯಾಂಜಿಗೆ ರಬ್ಬರ್ ಅಂಟಿಕೊಂಡ ಗೆರೆಯಲ್ಲಿ ಬಿರುಕು ಶುರುವಾಗುವುದು ಸಾಮಾನ್ಯ. ಎಂಜಿನ್ ಓಡುತ್ತಿರುವಾಗ ಪರೀಕ್ಷಿಸಲು ಸುರಕ್ಷಿತ ದಾರಿ ನೀರಿನ ಸ್ಪ್ರೇ: ಜೋಡಣೆಯ ಸುತ್ತ ಸಣ್ಣಗೆ ಸಿಂಪಡಿಸಿದಾಗ ಆರ್‌ಪಿಎಂ ಕ್ಷಣಕಾಲ ಏರುಪೇರಾದರೆ ಸೋರಿಕೆ ಅಲ್ಲೇ. ಕಾರ್ಬ್ ಕ್ಲೀನರ್ ಸಿಂಪಡಿಸಿ ನೋಡುವ ರೂಢಿ ವ್ಯಾಪಕವಾಗಿದೆ. ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ.

ಎರಡು ಸ್ಟ್ರೋಕಿನ ಎಂಜಿನ್ನಿಗೆ ಇಷ್ಟು ಸಾಲದು. ಅಲ್ಲಿ ಕ್ರ್ಯಾಂಕ್ ಸೀಲಿನಿಂದಲೂ ಗಾಳಿ ಬರಬಹುದು, ಮತ್ತು ತೆಳು ಮಿಶ್ರಣ ಪಿಸ್ಟನ್ನನ್ನೇ ಸೀಜ್ ಮಾಡಬಹುದು. ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಮುಚ್ಚಿ ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಒತ್ತಡ ತುಂಬಿ ಐದಾರು ನಿಮಿಷ ಕಾಯಬೇಕು. ಮುಳ್ಳು ಸರಿಯತೊಡಗಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು. ಟೈರಿನ ಕಂಪ್ರೆಸರಿನಿಂದ ತುಂಬಿದರೆ ಒಳ್ಳೆಯ ಸೀಲೂ ಹಾರಿಹೋಗುತ್ತದೆ.

ಯಮಹಾ ಬ್ಯಾನ್‌ಶೀ ಇಲ್ಲಿ ಒಳ್ಳೆಯ ಉದಾಹರಣೆ. 1987ರಲ್ಲಿ ಬಂದು ಅಮೆರಿಕದಲ್ಲಿ 2006ರವರೆಗೆ ಮಾರಾಟವಾದ ಈ ಎಟಿವಿಯ 347 ಸಿಸಿ ಜೋಡಿ ಸಿಲಿಂಡರ್ ಎಂಜಿನ್ನಿನ ವಂಶ ಯಮಹಾದ ಆರ್‌ಡಿ ಬೈಕುಗಳದ್ದು. 64 ಮಿ.ಮೀ. ಬೋರ್, 54 ಮಿ.ಮೀ. ಸ್ಟ್ರೋಕ್, ಎರಡರಲ್ಲೂ ಅದೇ ಲೆಕ್ಕ. ಎಸ್ಕಾರ್ಟ್ಸ್ 1983ರಿಂದ ತಯಾರಿಸಿದ ರಾಜ್‌ದೂತ್ 350 ಅದೇ ಕುಟುಂಬದ ಗಾಳಿ-ತಂಪಿನ ದಾಯಾದಿ. ಹಾಗೆಂದು ಕರೋಲ್‌ಬಾಗಿನಲ್ಲಿ ಸಿಕ್ಕ ರಾಜ್‌ದೂತ್ ಕಾರ್ಬುರೇಟರ್ ಬ್ಯಾನ್‌ಶೀಗೆ ನೇರ ಕೂರುವುದಿಲ್ಲ: ಬೈಕಿನದು 28 ಮಿ.ಮೀ., ಎಟಿವಿಯದು 26 ಮಿ.ಮೀ.ನ ಮಿಕುನಿ ಜೋಡಿ. ಬ್ಯಾನ್‌ಶೀಯ ಎರಡು ಇನ್‌ಟೇಕ್ ಬೂಟುಗಳ ನಡುವೆ ಒಂದು ಸಣ್ಣ ಸೇತುನಳಿಗೆಯೂ ಇದೆ. ಬೂಟುಗಳನ್ನು ನೂರು ಸಲ ನೋಡಿದವರೂ ಈ ನಳಿಗೆಯ ಬಿರುಕನ್ನು ಮರೆಯುತ್ತಾರೆ.

ಅಳೆಯಬೇಕಾದ ಎಂಟು ಅಳತೆಗಳು

ಕಾರ್ಬುರೇಟರ್ ನಿಜವಾಗಿಯೂ ಸವೆದಿದೆ ಎಂದು ಖಚಿತವಾದ ಮೇಲೆ, ಅಂದರೆ ಸ್ಲೈಡ್ ಅಲ್ಲಾಡುತ್ತಿದೆ, ಥ್ರಾಟಲ್ ಶಾಫ್ಟ್ ಸಡಿಲಾಗಿದೆ, ಅಥವಾ ಬೋಲಿನ ಒಳಗೆ ಅಲ್ಯೂಮಿನಿಯಂ ತಿಂದುಹೋಗಿದೆ ಎಂದಾದ ಮೇಲೆ, ಬದಲಿ ಹುಡುಕುವ ಸರದಿ. ಆ ಹೊತ್ತಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಒಂದು ಕಾಗದದಲ್ಲಿ ಈ ಅಳತೆಗಳನ್ನು ಬರೆದಿಟ್ಟಿರಬೇಕು.

1. ಹೆಡ್ಡಿನ ಇನ್‌ಟೇಕ್ ಪೋರ್ಟಿನ ಒಳವ್ಯಾಸ.

2. ಎರಡು ಬೋಲ್ಟು ಅಥವಾ ಸ್ಟಡ್ಡುಗಳ ನಡುವಿನ ಅಂತರ, ನಡುವಿನಿಂದ ನಡುವಿಗೆ. ತೂತಿನ ನಡುವನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ಒಂದು ತೂತಿನ ಹೊರಂಚಿನಿಂದ ಇನ್ನೊಂದರ ಹೊರಂಚಿಗೆ ಅಳೆದು ಒಂದು ತೂತಿನ ವ್ಯಾಸ ಕಳೆದರೆ ಉತ್ತರ ಸಿಗುತ್ತದೆ.

3. ಬೋಲ್ಟುಗಳ ದಿಕ್ಕು: ಅಡ್ಡವೋ, ಲಂಬವೋ, ಓರೆಯೋ. ಅಂತರ ಕೂಡಿದರೂ ದಿಕ್ಕು ಬೇರೆಯಾದರೆ ಕಾರ್ಬುರೇಟರ್ ವಾಲಿ ಕೂರುತ್ತದೆ, ಫ್ಲೋಟ್ ಮಟ್ಟ ಕೆಡುತ್ತದೆ.

4. ಕಾರ್ಬುರೇಟರಿನ ಎಂಜಿನ್ ಕಡೆಯ ತುದಿಯ ಹೊರವ್ಯಾಸ. ಇಲ್ಲೇ ಹೆಚ್ಚು ಜನ ಎಡವುತ್ತಾರೆ. ಮಿಕುನಿಯ ವಿಎಂ26 ಎಂಬಲ್ಲಿನ 26 ಕೊರಳಿನ ಒಳಗಿನ ಅಳತೆ. ರಬ್ಬರಿಗೆ ತೂರುವ ತುದಿ ಅದಕ್ಕಿಂತ ಹಲವು ಮಿ.ಮೀ. ದಪ್ಪ.

5. ಏರ್‌ಬಾಕ್ಸ್ (ಏರ್ ಫಿಲ್ಟರಿನ ಪೆಟ್ಟಿಗೆ) ಕಡೆಯ ತುದಿಯ ಹೊರವ್ಯಾಸ.

6. ಎರಡು ತುದಿಗಳ ನಡುವಿನ ಒಟ್ಟು ಉದ್ದ. 10 ಮಿ.ಮೀ. ಗಿಡ್ಡವಾದರೆ ಏರ್‌ಬಾಕ್ಸ್ ರಬ್ಬರ್ ಎಟುಕದು; ಉದ್ದವಾದರೆ ಅದು ಮಡಿಚಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ.

7. ಎತ್ತರ ಮತ್ತು ಆಳ: ಮೇಲಿನ ಮುಚ್ಚಳದಿಂದ ಟ್ಯಾಂಕಿಗೆ, ಬೋಲಿನಿಂದ ಎಂಜಿನ್ ಕೇಸಿಗೆ ಇರುವ ಜಾಗ. ಮೇಲಿನ ಮುಚ್ಚಳ ಬಿಚ್ಚಿ ಸ್ಲೈಡ್ ಎತ್ತುವಷ್ಟು ಸ್ಥಳ ಉಳಿಯಬೇಕು.

8. ಪೆಟ್ರೋಲ್ ನಳಿಗೆಯ ದಿಕ್ಕು, ಚೋಕಿನ ಬಗೆ (ಲಿವರೋ, ಕೇಬಲ್ಲೋ), ಥ್ರಾಟಲ್ ಕೇಬಲ್ಲಿನ ತುದಿಯ ಗುಂಡು ಮತ್ತು ಎಳೆತದ ಉದ್ದ.

ಚೀನಾ ಗಾಡಿಗಳ ಮಾಲೀಕರಿಗೆ ಇದರಲ್ಲಿ ಸ್ವಲ್ಪ ರಿಯಾಯಿತಿ. 110 ಸಿಸಿಗೆ ಪಿಝಡ್19, 125ಕ್ಕೆ ಪಿಝಡ್22 ಎಂಬ ಹೆಸರಿನಲ್ಲಿ ಕೈಹಿನ್ ಮಾದರಿಯ ನಕಲುಗಳು ಅಗ್ಗದಲ್ಲಿ ಸಿಗುತ್ತವೆ. ಬೋಲ್ಟುಗಳ ಅಂತರ ಬಹುಪಾಲು 48 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಪೊಟ್ಟಣ ಒಡೆದ ಕೂಡಲೇ ಕೂರಿಸಬಾರದು ಅಷ್ಟೇ. ಬೋಲ್ ಬಿಚ್ಚಿ ಒಳಗೆ ಉಳಿದ ಲೋಹದ ಪುಡಿ ತೆಗೆದು, ಫ್ಲೋಟ್ ಎತ್ತರ ನೋಡಿ, ಜೆಟ್ಟಿನ ಸಂಖ್ಯೆ ಬರೆದಿಟ್ಟುಕೊಂಡು ಮುಂದುವರಿಯಬೇಕು.

ಅಡಾಪ್ಟರ್ ಮಾಡಿಸುವ ಬಗೆ

ಕಾರ್ಬುರೇಟರ್ ಮತ್ತು ಹೆಡ್ಡಿನ ತೂತುಗಳು ಕೂಡದಿದ್ದಾಗ ನಡುವೆ ಒಂದು ಫಲಕ ಬೇಕು. ಲೇತ್‌ನವನಿಗೆ ಬಾಯಿಮಾತಿನಲ್ಲಿ ಹೇಳಿದರೆ ಅವನು ಒಂದು ತುಂಡಿಗೆ ನಾಲ್ಕು ತೂತು ಕೊರೆದು ಕೊಡುತ್ತಾನೆ. ಕಾಗದದ ಮೇಲೆ ಇರಬೇಕಾದ ವಿವರಗಳು ಬೇರೆ.

ದಪ್ಪ 10ರಿಂದ 12 ಮಿ.ಮೀ. ಇರಲಿ, ಅದಕ್ಕಿಂತ ತೆಳುವಾದರೆ ಹೆಡ್ಡಿಗೆ ಬಿಗಿಯುವ ಬೋಲ್ಟಿನ ತಲೆಯನ್ನು ಒಳಗೆ ಹುದುಗಿಸಿದ ಮೇಲೆ ಲೋಹ ಉಳಿಯುವುದಿಲ್ಲ. ಅಲ್ಯೂಮಿನಿಯಂ 6061 ಅಥವಾ 6082 ದರ್ಜೆಯದು ಒಳ್ಳೆಯದು. ಒಳಗಿನ ರಂಧ್ರ ಕಾರ್ಬುರೇಟರಿನ ಅಳತೆಯಿಂದ ಶುರುವಾಗಿ ಪೋರ್ಟಿನ ಅಳತೆಗೆ ಓರೆಯಾಗಿ ಸೇರಬೇಕು, ನಡುವೆ ಮೆಟ್ಟಿಲು ಬರಕೂಡದು. ಮೆಟ್ಟಿಲಿದ್ದಲ್ಲಿ ಪೆಟ್ರೋಲ್ ಹನಿಗಳು ಗೋಡೆಗೆ ಅಂಟಿ ಕೆಳಗೆ ಹರಿಯುತ್ತವೆ, ಕಡಿಮೆ ವೇಗದಲ್ಲಿ ಎಂಜಿನ್ ತೊದಲುತ್ತದೆ. ಎರಡೂ ಮುಖಗಳು ಒಂದಕ್ಕೊಂದು ಸಮಾಂತರವಾಗಿರಬೇಕು. ಒಂದು ಕಡೆ ಓ-ರಿಂಗಿಗೆ ಕಾಲುವೆ ಕೊರೆಸಿದರೆ ಗ್ಯಾಸ್ಕೆಟ್ ಕಾಟ ಅರ್ಧ ತಗ್ಗುತ್ತದೆ.

ಪೂರ್ತಿ ಲೋಹದ ಜೋಡಣೆಗೆ ದೆಹಲಿಯ ಬೇಸಿಗೆ ಶತ್ರು. ಹೆಡ್ಡಿನ ಬಿಸಿ ನೇರ ಬೋಲಿಗೆ ಹರಿದು ಪೆಟ್ರೋಲ್ ಕುದಿಯತೊಡಗುತ್ತದೆ. ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏಳುವುದೇ ಇಲ್ಲ. ಕಂಪನಿಯವರು ಕಾರ್ಬುರೇಟರ್ ಮತ್ತು ಹೆಡ್ಡಿನ ನಡುವೆ ಕಪ್ಪು ಅಥವಾ ಕಂದು ಬಣ್ಣದ ದಪ್ಪ ತುಣುಕೊಂದನ್ನು ಇಟ್ಟಿರುತ್ತಾರಲ್ಲ, ಅದು ಶಾಖ ತಡೆಯುವ ಬೇಕಲೈಟ್. ಕಸವೆಂದು ಎಸೆದವರು ಮತ್ತೆ ಮಾಡಿಸಬೇಕು. ಬೇಕಲೈಟಿನದೇ ಬಗೆಯ ಹೈಲಂ ಹಾಳೆ ಮಾರುವ ಅಂಗಡಿಯಿಂದ 5 ಅಥವಾ 6 ಮಿ.ಮೀ. ದಪ್ಪದ ತುಂಡು ತಂದರೆ ಅದೇ ಲೇತ್‌ನವನು ಕತ್ತರಿಸಿಕೊಡುತ್ತಾನೆ.

ಹಳೆಯ ಕಾರ್ಬುರೇಟರಿನ ಫ್ಲ್ಯಾಂಜ್ ಅತಿಯಾಗಿ ಬಿಗಿದು ಬಾಗಿದ್ದರೆ ಹೊಸ ಅಡಾಪ್ಟರೂ ಸೋರುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಬೆಳಕಿಗೆ ನೋಡಿದರೆ ನಡುವೆ ಬೆಳಕಿನ ಗೆರೆ ಕಾಣುತ್ತದೆ. ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಕಾಗದ ಹಾಸಿ, ಎಂಟರ ಆಕಾರದಲ್ಲಿ ಉಜ್ಜಿದರೆ ಮುಖ ಸಮವಾಗುತ್ತದೆ. 6 ಮಿ.ಮೀ. ಬೋಲ್ಟಿಗೆ ಅಲ್ಯೂಮಿನಿಯಂನಲ್ಲಿ 10 ನ್ಯೂಟನ್ ಮೀಟರ್ ಬಿಗಿ ಸಾಕು. ತೂತಿನ ಥ್ರೆಡ್ ಹಾಳಾಗಿದ್ದರೆ ದಪ್ಪ ಬೋಲ್ಟ್ ಹೊಡೆಯುವ ಬದಲು ಹೆಲಿಕಾಯಿಲ್ ಎಂಬ ಥ್ರೆಡ್ ಸುರುಳಿ ಹಾಕಿಸಬೇಕು. ಸಿಲಿಕಾನ್ ಪೇಸ್ಟ್ ಹಚ್ಚಿ ಮುಚ್ಚುವ ಆಸೆ ಬೇಡ: ಸಾಮಾನ್ಯ ಸಿಲಿಕಾನ್ ಪೆಟ್ರೋಲಿನಲ್ಲಿ ಉಬ್ಬಿ, ಕಳಚಿ, ಎಂಜಿನ್ನಿನೊಳಕ್ಕೆ ಹೋಗುತ್ತದೆ.

ದೊಡ್ಡದು ಬೇಕೇ?

ಬದಲಿಸುವುದೇ ಆದರೆ ಒಂದು ಸೈಜ್ ದೊಡ್ಡದನ್ನೇ ಹಾಕೋಣ ಎನ್ನುವುದು ಹಲವರ ಆಸೆ. ಕಾರ್ಬುರೇಟರ್ ಅಳತೆಗೆ ಎಂಜಿನಿಯರುಗಳು ಬಳಸುವ ಹಳೆಯ ಲೆಕ್ಕವೊಂದಿದೆ: ಒಂದು ಸಿಲಿಂಡರಿನ ಗಾತ್ರವನ್ನು ಲೀಟರಿನಲ್ಲಿ ಹಿಡಿದು, ಗರಿಷ್ಠ ಶಕ್ತಿಯ ಆರ್‌ಪಿಎಂನಿಂದ ಗುಣಿಸಿ, ವರ್ಗಮೂಲ ತೆಗೆದು, 0.65ರಿಂದ 0.9ರ ನಡುವಿನ ಸಂಖ್ಯೆಯಿಂದ ಗುಣಿಸುವುದು. 250 ಸಿಸಿ ಎಂಜಿನ್, 7,000 ಆರ್‌ಪಿಎಂ ಎಂದರೆ ಉತ್ತರ ಸುಮಾರು 27 ಮಿ.ಮೀ.ನಿಂದ 38 ಮಿ.ಮೀ. ಮೇಲಿನ ತುದಿ ರೇಸಿನವರದ್ದು. ಕಾಫಿ ತೋಟದಲ್ಲಿ ಚೀಲ ಹೊರುವ, ಶಿಬಿರದಲ್ಲಿ ಹೊಸಬರನ್ನು ಕೂರಿಸಿಕೊಂಡು ನಿಧಾನ ಸಾಗುವ ಗಾಡಿಗೆ ಕೆಳಗಿನ ತುದಿಯೇ ಸರಿ. ಕೊರಳು ಅಗಲವಾದಷ್ಟೂ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಕುಸಿದು ಜೆಟ್ಟು ಪೆಟ್ರೋಲ್ ಎಳೆಯಲಾರದು.

ಬಗೆಯ ಆಯ್ಕೆಯೂ ಮುಖ್ಯ. ವಿಎಂ ಬಗೆಯಲ್ಲಿ ಕೇಬಲ್ ನೇರ ಸ್ಲೈಡನ್ನೇ ಎತ್ತುತ್ತದೆ. ಸಿವಿ ಬಗೆಯಲ್ಲಿ ಕೇಬಲ್ ಒಂದು ಚಿಟ್ಟೆ ಕವಾಟವನ್ನು ತಿರುಗಿಸುತ್ತದೆ, ಸ್ಲೈಡನ್ನು ಎತ್ತುವುದು ರಬ್ಬರ್ ಡಯಾಫ್ರಮ್ ಮೂಲಕ ನಿರ್ವಾತ. ಸಿವಿಯ ಡಯಾಫ್ರಮ್ಮಿನಲ್ಲಿ ಸೂಜಿಮೊನೆಯ ತೂತು ಬಿದ್ದರೂ ಗಾಡಿ ಅರ್ಧ ಥ್ರಾಟಲ್ ದಾಟುವುದಿಲ್ಲ. ಹೊಸ ಕಾರ್ಬುರೇಟರಿನ ಹಣ ಉಳಿಸಬೇಕೆಂದರೆ ಮುಚ್ಚಳ ತೆಗೆದು ಡಯಾಫ್ರಮ್ಮನ್ನು ಬೆಳಕಿಗೆ ಹಿಡಿದು ನೋಡಬೇಕು. ಏರ್‌ಬಾಕ್ಸ್ ಕಿತ್ತು ಬರಿಯ ಕೋನ್ ಫಿಲ್ಟರ್ ಹಾಕಿದರೆ ಸಿವಿ ಕಾರ್ಬುರೇಟರ್ ಹೆಚ್ಚು ಮುನಿಯುತ್ತದೆ. ಅರಾವಳಿಯ ತಪ್ಪಲಿನ ನವಿರು ದೂಳಿನಲ್ಲಿ ಏರ್‌ಬಾಕ್ಸ್ ಇಲ್ಲದ ಗಾಡಿಯ ಪಿಸ್ಟನ್ ರಿಂಗುಗಳ ಆಯಸ್ಸಂತೂ ಬಲು ಕಡಿಮೆ. ಎಣ್ಣೆ ಹಚ್ಚಿದ ಫೋಮ್ ಫಿಲ್ಟರ್, ಸೀಳಿಲ್ಲದ ಏರ್‌ಬಾಕ್ಸ್ ರಬ್ಬರ್, ಇವು ಎಂಜಿನ್ನಿನ ವಿಮೆ.

ಕೇಬಲ್, ವೈರು, ನಳಿಗೆ

ಕಾರ್ಬುರೇಟರ್ ಸರಿಯಾಗಿ ಕೂತಿದೆ, ಸೋರಿಕೆ ಇಲ್ಲ. ಆದರೂ ಎಂಜಿನ್ ಒಂದು ಮಟ್ಟದ ಮೇಲೆ ರೇಸ್ ತೆಗೆದುಕೊಳ್ಳುವುದಿಲ್ಲ. ಜೆಟ್ ಬದಲಿಸುತ್ತ ವಾರ ಕಳೆಯುವ ಮುನ್ನ ವೈರಿಂಗ್ ನೋಡಬೇಕು. ಬ್ಯಾನ್‌ಶೀಯ ಕಾರ್ಬುರೇಟರುಗಳ ಮೇಲೆ ಟಾರ್ಸ್ ಎಂಬ ಸುರಕ್ಷಾ ವ್ಯವಸ್ಥೆಯ ಪೆಟ್ಟಿಗೆಗಳಿವೆ. ಬೆರಳು ತೆಗೆದ ಮೇಲೂ ಸ್ಲೈಡ್ ಕೆಳಗಿಳಿಯದಿದ್ದರೆ ಅದು ಇಗ್ನಿಷನ್ನಿಗೆ ಹೇಳಿ ಎಂಜಿನ್ ವೇಗವನ್ನು ಕಟ್ಟಿಹಾಕುತ್ತದೆ. ಬೇರೆ ಕಾರ್ಬುರೇಟರ್ ಹಾಕುವಾಗ ಆ ಪೆಟ್ಟಿಗೆ ಹೊರಬಿದ್ದು ವೈರುಗಳು ಹಾಗೇ ನೇತಾಡಿದರೆ ಸ್ಲೈಡ್ ಸಿಕ್ಕಿಕೊಂಡಿದೆ ಎಂದೇ ವ್ಯವಸ್ಥೆ ತಿಳಿಯಬಹುದು. ಹಳೆಯ ಪೊಲಾರಿಸ್ ಗಾಡಿಗಳ ಇಟಿಸಿ ಸ್ವಿಚ್ಚಿನದೂ ಹೆಚ್ಚುಕಡಿಮೆ ಇದೇ ಕೆಲಸ. ಅಲ್ಲಿ ಕೇಬಲ್ ತೀರಾ ಸಡಿಲಾದರೂ ಸ್ವಿಚ್ ಎಡವಟ್ಟು ಮಾಡುತ್ತದೆ. ಸರ್ವಿಸ್ ಕೈಪಿಡಿಯ ವೈರಿಂಗ್ ಚಿತ್ರ ನೋಡದೆ ಇವನ್ನು ಮುಟ್ಟಬಾರದು.

ಕೇಬಲ್ಲಿನ ಲೆಕ್ಕ ಸರಳ. 26 ಮಿ.ಮೀ. ಕೊರಳಿನ ಸ್ಲೈಡ್ ಪೂರ್ತಿ ತೆರೆಯಲು 26 ಮಿ.ಮೀ. ಎತ್ತಬೇಕು. ಎಟಿವಿಯ ಹೆಬ್ಬೆರಳಿನ ಲಿವರ್ ಅಷ್ಟು ಎಳೆಯದಿದ್ದರೆ ಎಂಜಿನ್ನಿಗೆ ಎಂದೂ ಪೂರ್ಣ ಥ್ರಾಟಲ್ ಸಿಗದು. ಕೂರಿಸಿದ ಮೇಲೆ ಎಂಜಿನ್ ಆಫ್ ಇರುವಾಗಲೇ ಲಿವರ್ ಒತ್ತಿ ಬಿಡಬೇಕು. ಸ್ಲೈಡ್ ಟಕ್ ಎಂದು ತಾನಾಗಿ ಬೀಳಬೇಕು. ಬಳಿಕ ಎಂಜಿನ್ ಓಡುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಬೇಕು. ಆರ್‌ಪಿಎಂ ಏರಿದರೆ ಕೇಬಲ್ ಗಿಡ್ಡವಾಗಿದೆ ಅಥವಾ ತಪ್ಪು ದಾರಿಯಲ್ಲಿ ಹಾಯ್ದಿದೆ. ಈ ಪರೀಕ್ಷೆ ಮುಗಿಯದೆ ಯಾರೂ ಗಾಡಿ ಹತ್ತಬಾರದು.

ನಿರ್ವಾತದ ನಳಿಗೆಗಳು ಮೂರನೆಯ ಬಲೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಕಾಕ್ ತೆರೆಯುವುದೇ ಮ್ಯಾನಿಫೋಲ್ಡಿನ ನಿರ್ವಾತದಿಂದ. ಹೊಸ ಮ್ಯಾನಿಫೋಲ್ಡಿನಲ್ಲಿ ಆ ನಳಿಗೆ ಕೂರುವ ಸಣ್ಣ ನಿಪ್ಪಲ್ ಇಲ್ಲದಿದ್ದರೆ ಟ್ಯಾಂಕ್ ತುಂಬಿದ್ದರೂ ಬೋಲು ಖಾಲಿ. ನಿಪ್ಪಲ್ ಇದ್ದು ನಳಿಗೆ ಜೋಡಿಸದೆ ಬಿಟ್ಟರೆ ಅದೇ ಕಳ್ಳಗಾಳಿಯ ಹೊಸ ಬಾಗಿಲು. ಇನ್ನು ಕೆಲವು ಗಾಡಿಗಳಲ್ಲಿ ಟ್ಯಾಂಕ್ ಕೆಳಗಿದ್ದು ಪಂಪಿನಿಂದ ಪೆಟ್ರೋಲ್ ಬರುತ್ತದೆ. ಗುರುತ್ವದಿಂದ ಹರಿಯುವ ಪೆಟ್ರೋಲಿಗೆಂದು ಮಾಡಿದ, ದೊಡ್ಡ ರಂಧ್ರದ ನೀಡಲ್ ಸೀಟಿರುವ ಬೈಕಿನ ಕಾರ್ಬುರೇಟರನ್ನು ಅಲ್ಲಿ ಹಾಕಿದರೆ ಪಂಪಿನ ಒತ್ತಡಕ್ಕೆ ನೀಡಲ್ ಸೋತು ಓವರ್‌ಫ್ಲೋ ಆಗುತ್ತದೆ. ಪಂಪಿಗೆ ಹೊಂದುವ ನೀಡಲ್ ಸೀಟ್ ಇರುವ ಮಾದರಿಯನ್ನೇ ಕೇಳಬೇಕು.

ಇ20 ಬಂದ ಮೇಲೆ

ಹಳೆಯ ಕಾರ್ಬುರೇಟರುಗಳ ಲೆಕ್ಕವನ್ನು ಪೆಟ್ರೋಲ್ ಬಂಕೇ ಬದಲಿಸಿದೆ. ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಎರಡೇ ವರ್ಷಗಳಲ್ಲಿ ಅದು ದೇಶದ ಬಂಕುಗಳ ಸಾಮಾನ್ಯ ಪೆಟ್ರೋಲಾಯಿತು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ತನ್ನ 14.7 ಪಟ್ಟು ಗಾಳಿ ಬೇಕು. ಇ20ಗೆ ಸುಮಾರು 13.5 ಪಟ್ಟು ಸಾಕು, ಏಕೆಂದರೆ ಎಥನಾಲಿನೊಳಗೇ ಆಮ್ಲಜನಕವಿದೆ. ಇಂಜೆಕ್ಷನ್ ಎಂಜಿನ್ನು ಸೆನ್ಸರ್ ನೋಡಿ ತಾನೇ ಹೊಂದಿಸಿಕೊಳ್ಳುತ್ತದೆ. 2020ರ ಏಪ್ರಿಲ್ 1ರ ಬಿಎಸ್-6 ನಿಯಮದ ನಂತರ ಬಂದ ಬೈಕುಗಳು ಬಹುಪಾಲು ಇಂಜೆಕ್ಷನ್ನಿನವು. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಗಾಡಿ ಇ20ಯಲ್ಲಿ ಸುಮಾರು ಶೇ 8ರಷ್ಟು ತೆಳುವಾಗಿ ಓಡುತ್ತದೆ.

ಪರಿಹಾರ ಜೆಟ್ಟಿನಲ್ಲಿದೆ. ಕೈಹಿನ್ ಜೆಟ್ಟಿನ ಸಂಖ್ಯೆ ರಂಧ್ರದ ವ್ಯಾಸ, ಮಿಲಿಮೀಟರಿನ ನೂರನೇ ಭಾಗದಲ್ಲಿ. ವ್ಯಾಸ ಶೇ 4ರಷ್ಟು ಹೆಚ್ಚಿದರೆ ಹರಿವಿನ ದಾರಿ ಶೇ 8ರಷ್ಟು ಹಿಗ್ಗುತ್ತದೆ. 120 ಇದ್ದಲ್ಲಿ 125 ಹಾಕಿ ನೋಡಬಹುದು. ಮಿಕುನಿಯ ಆರು ಮೂಲೆಯ ದೊಡ್ಡ ಜೆಟ್ಟುಗಳ ಸಂಖ್ಯೆ ಹರಿವನ್ನೇ ಸೂಚಿಸುವುದರಿಂದ ಅಲ್ಲಿ ಸಂಖ್ಯೆಯನ್ನೇ ಶೇ 8ರಷ್ಟು ಏರಿಸಬೇಕು: 200ರ ಜಾಗಕ್ಕೆ 215 ಅಥವಾ 220. ಎರಡು ಕಂಪನಿಗಳ ಸಂಖ್ಯೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಬೋಲಿನ ಓ-ರಿಂಗ್, ನೀಡಲ್ ತುದಿ, ಪೆಟ್ರೋಲ್ ನಳಿಗೆಗಳನ್ನು ವೈಟಾನ್ ಅಥವಾ ಎಥನಾಲ್ ತಾಳುವ ರಬ್ಬರಿಗೆ ಬದಲಿಸುವುದು ಲೇಸು. ಸೀಸನ್ ಮುಗಿದು ಗಾಡಿ ಮೂಲೆ ಸೇರುವ ಮುನ್ನ ಕಾಕ್ ಮುಚ್ಚಿ ಬೋಲ್ ಬರಿದು ಮಾಡಿದರೆ ಪೈಲಟ್ ಜೆಟ್ ಹಸಿರುಗಟ್ಟುವುದಿಲ್ಲ.

ಜನವರಿಗೊಂದು ಜೆಟ್, ಮೇಗೊಂದು

ಬೆಟ್ಟ ಹತ್ತಿದರೆ ಗಾಳಿ ತೆಳುವಾಗುತ್ತದೆ, ಮಿಶ್ರಣ ದಪ್ಪವಾಗುತ್ತದೆ ಎಂಬುದು ಕೊಡಗಿನವರಿಗೆ ಗೊತ್ತು. ಸಮುದ್ರಮಟ್ಟದಿಂದ ಸುಮಾರು 215 ಮೀಟರ್ ಎತ್ತರದ ದೆಹಲಿಯಿಂದ 1,150 ಮೀಟರ್ ಆಸುಪಾಸಿನ ಮಡಿಕೇರಿಗೆ ಗಾಡಿ ಹೋದರೆ, ತಾಪಮಾನ ಒಂದೇ ಇದ್ದರೆ, ಗಾಳಿಯ ಸಾಂದ್ರತೆ ಸುಮಾರು ಶೇ 10ರಷ್ಟು ಇಳಿಯುತ್ತದೆ. ದೆಹಲಿಯೊಳಗೇ ಅದಕ್ಕಿಂತ ದೊಡ್ಡ ಏರಿಳಿತವಿದೆ. ಜನವರಿಯ 5 ಡಿಗ್ರಿಯ ಬೆಳಗಿನಿಂದ ಮೇ ತಿಂಗಳ 45 ಡಿಗ್ರಿಯ ಮಧ್ಯಾಹ್ನಕ್ಕೆ ಗಾಳಿ ಶೇ 12ಕ್ಕೂ ಹೆಚ್ಚು ತೆಳುವಾಗುತ್ತದೆ. ಕಾರ್ಬುರೇಟರಿನ ಮಿಶ್ರಣ ಇದರ ಅರ್ಧದಷ್ಟು, ಅಂದರೆ ಶೇ 6ರ ಆಸುಪಾಸು ಬದಲಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಅಂದವಾಗಿ ಹೊಂದಿಸಿದ ಗಾಡಿಯ ಮಿಶ್ರಣ ಚಳಿಗಾಲದ ಬೆಳಿಗ್ಗೆ ತೆಳುವಾಗುತ್ತದೆ. ಅದರ ಮೇಲೆ ಇ20. ಎರಡು ಸ್ಟ್ರೋಕಿನ ಗಾಡಿಯವರು ದೆಹಲಿಯ ಚಳಿಯಲ್ಲಿ ಮೇನ್ ಜೆಟ್ಟನ್ನು ಒಂದು ಸಂಖ್ಯೆ ಏರಿಸಿ, ಏಪ್ರಿಲ್‌ನಲ್ಲಿ ಮತ್ತೆ ಇಳಿಸುವುದು ಪಿಸ್ಟನ್ ಕಾಯುವ ಅಗ್ಗದ ಉಪಾಯ.

ಹೊಂದಿಸುವ ಕ್ರಮ ಹೀಗಿರಲಿ. ಮೊದಲು ಫ್ಲೋಟ್ ಎತ್ತರ. ನಂತರ ಎಂಜಿನ್ ಬಿಸಿಯಾದ ಮೇಲೆ ಐಡಲಿಂಗ್ ಮತ್ತು ಮಿಶ್ರಣದ ಸ್ಕ್ರೂ. ಸ್ಕ್ರೂ ಏರ್‌ಬಾಕ್ಸ್ ಕಡೆಗಿದ್ದರೆ ಅದು ಗಾಳಿಯದ್ದು, ಒಳಕ್ಕೆ ತಿರುಗಿಸಿದರೆ ಮಿಶ್ರಣ ದಪ್ಪ. ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲಿನದ್ದು, ಹೊರಕ್ಕೆ ತಿರುಗಿಸಿದರೆ ದಪ್ಪ. ಮೂರು ಸುತ್ತಿಗೂ ಮೀರಿ ತಿರುಗಿಸಬೇಕಾಗಿ ಬಂದರೆ ಪೈಲಟ್ ಜೆಟ್ಟಿನ ಸಂಖ್ಯೆಯೇ ತಪ್ಪಿದೆ, ಇಲ್ಲವೇ ಕಳ್ಳಗಾಳಿ ಉಳಿದಿದೆ. ಕಾಲಿನಿಂದ ಮುಕ್ಕಾಲು ಥ್ರಾಟಲ್‌ವರೆಗೆ ನೀಡಲ್ಲಿನ ಕ್ಲಿಪ್ಪಿನ ರಾಜ್ಯ. ಕ್ಲಿಪ್ ಒಂದು ಗೆರೆ ಕೆಳಗೆ ಹೋದರೆ ನೀಡಲ್ ಏರಿ ಮಿಶ್ರಣ ದಪ್ಪವಾಗುತ್ತದೆ. ಮುಕ್ಕಾಲಿನಿಂದ ಮೇಲೆ ಮೇನ್ ಜೆಟ್. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ದಿನಾಂಕ ಮತ್ತು ಅಂದಿನ ತಾಪಮಾನದ ಸಮೇತ ಬರೆದಿಡಬೇಕು.

ಕೊನೆಯ ಪರೀಕ್ಷೆ ಖಾಸಗಿ ಜಮೀನಿನ ನೇರ ದಾರಿಯಲ್ಲಿ, ಹೆಲ್ಮೆಟ್ ಹಾಕಿ, ಕಿಲ್ ಸ್ವಿಚ್ ಕೆಲಸ ಮಾಡುತ್ತದೆಯೆಂದು ಖಚಿತಪಡಿಸಿಕೊಂಡ ಮೇಲೆ. ಹೊಸ ಪ್ಲಗ್ ಹಾಕಿ, ಪೂರ್ಣ ಥ್ರಾಟಲ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಅದೇ ಸ್ಥಿತಿಯಲ್ಲಿ ಎಂಜಿನ್ ಆಫ್ ಮಾಡಿ ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ಪಿಂಗಾಣಿ ಸುಣ್ಣದಂತೆ ಬೆಳ್ಳಗಿದ್ದರೆ ಜೆಟ್ ಏರಿಸಬೇಕು. ಒದ್ದೆ ಕಪ್ಪಾಗಿದ್ದರೆ ಇಳಿಸಬೇಕು. ತಿಳಿಕಂದು ಇದ್ದರೆ ಅಲ್ಲಿಗೆ ಬಿಡಬಹುದು. ಕೆಲವು ಗಂಟೆ ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಅಡಾಪ್ಟರಿನ ಬೋಲ್ಟು ಮತ್ತು ಕ್ಲ್ಯಾಂಪುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು, ಏಕೆಂದರೆ ಹೊಸ ಗ್ಯಾಸ್ಕೆಟ್ಟುಗಳು ಮೊದಲ ಬಿಸಿಗೆ ಸ್ವಲ್ಪ ಕುಗ್ಗುತ್ತವೆ. ಲೇತ್‌ನವನಿಗೆ ಕೊಟ್ಟ ಅಳತೆಯ ಕಾಗದವನ್ನು ಸೀಟಿನ ಕೆಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡರೆ ಮುಂದಿನ ಸಲ ಗ್ಯಾಸ್ಕೆಟ್, ಓ-ರಿಂಗ್ ತರಿಸುವಾಗ ಗಾಡಿ ಬಿಚ್ಚುವ ಕೆಲಸ ಉಳಿಯುತ್ತದೆ.